ದಿನದ ದಣಿವಿಗೆ ಉಸಿರಿನ ಉಪಚಾರ

ಬೆಳಗಿನ ಜಾವ ಹಾಲು ಕಾಯಿಸುವುದರೊಡನೆ ಆರಂಭವಾಗುವ ಗೃಹಿಣಿಯ ದುಡಿಮೆ ರಾತ್ರಿ ಹನ್ನೊಂದಾದರೂ ಮುಗಿಯುವುದಿಲ್ಲ. ಗೋವಿಂದರಾಜನಗರ, ವಿಜಯನಗರ, ಬಸವೇಶ್ವರನಗರಗಳ ಮನೆಮನೆಗಳಲ್ಲಿಯೂ ಇದೇ ಚಿತ್ರ. ಮಕ್ಕಳ ಶಾಲೆ, ಹಿರಿಯರ ಔಷಧ, ಸಾಲದ ಕಂತು, ಮಾಗಡಿ ರಸ್ತೆಯ ವಾಹನಸಂದಣಿ! 2015ರಲ್ಲಿ ವಿಜಯನಗರಕ್ಕೆ ಮೆಟ್ರೋ ರೈಲು ಬಂದು ಪ್ರಯಾಣ ಸುಗಮವಾಯಿತಾದರೂ ಮನಸ್ಸಿನ ಧಾವಂತ ತಗ್ಗಲಿಲ್ಲ. ಸಣ್ಣ ಮಾತಿಗೂ ಸಿಡುಕು, ಕತ್ತು-ಭುಜಗಳ ಬಿಗಿತ, ನಿದ್ರಾಭಂಗ ಇವೆಲ್ಲ ಒತ್ತಡದ ಕುರುಹುಗಳೇ ಆಗಿರಬಹುದು.

ಉಸಿರೇ ಏಕೆ?

ಹಾವು ಕಂಡಾಗ ಎದೆಬಡಿತ ಏರುತ್ತದೆ, ಉಸಿರು ಮೊಟಕಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಪ್ರಾಣರಕ್ಷಣೆಗಾಗಿ ಪ್ರಕೃತಿ ಮಾಡಿದ ವ್ಯವಸ್ಥೆ ಇದು. ಆದರೆ ಇದೇ ಸ್ಥಿತಿ ದಿನವಿಡೀ ಮುಂದುವರಿದರೆ ದೇಹ ಬಳಲುತ್ತದೆ. ಎದೆಬಡಿತವಾಗಲಿ ಜೀರ್ಣಕ್ರಿಯೆಯಾಗಲಿ ನಮ್ಮ ಅಪ್ಪಣೆಯನ್ನು ನೇರವಾಗಿ ಕೇಳುವುದಿಲ್ಲ. ಉಸಿರಾದರೋ ತಾನಾಗಿಯೂ ನಡೆಯುತ್ತದೆ, ನಾವು ನಡೆಸಿದಂತೆಯೂ ನಡೆಯುತ್ತದೆ. ಉಸಿರನ್ನು ಒಳಗೆಳೆದಾಗ ಎದೆಬಡಿತ ತುಸು ಚುರುಕಾಗಿ, ಹೊರಬಿಟ್ಟಾಗ ತುಸು ನಿಧಾನವಾಗುತ್ತದೆ. ಆದುದರಿಂದಲೇ ನಿಶ್ವಾಸವನ್ನು ನೀಳಗೊಳಿಸಿದರೆ ದೇಹವು ವಿಶ್ರಾಂತಿಯ ಕಡೆಗೆ ತಿರುಗುತ್ತದೆ.

ನಿಮ್ಹಾನ್ಸ್‌ನ ಅಧ್ಯಯನ

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಉಸಿರಾಟದ ಅಭ್ಯಾಸವನ್ನು ಒರೆಗೆ ಹಚ್ಚಿ ನೋಡಿದ್ದಾರೆ. 2000ದಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ತೀವ್ರ ಖಿನ್ನತೆಯಿಂದ ಆಸ್ಪತ್ರೆಗೆ ಸೇರಿದ್ದ 45 ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ನಾಲ್ಕು ವಾರಗಳ ಕಾಲ ಒಂದು ಗುಂಪಿಗೆ ವಿದ್ಯುತ್ ಚಿಕಿತ್ಸೆ, ಇನ್ನೊಂದಕ್ಕೆ ಮಾತ್ರೆ, ಮತ್ತೊಂದಕ್ಕೆ ಸುದರ್ಶನ ಕ್ರಿಯೆಯೆಂಬ ಉಸಿರಾಟದ ಅಭ್ಯಾಸವನ್ನು ನೀಡಲಾಯಿತು. ಅನುಕ್ರಮವಾಗಿ ಶೇಕಡಾ 93, 73 ಹಾಗೂ 67ರಷ್ಟು ಮಂದಿ ಖಿನ್ನತೆಯಿಂದ ಹೊರಬಂದರು. ರೋಗಿಗಳ ಸಂಖ್ಯೆ ಚಿಕ್ಕದು. ಅವರೆಲ್ಲ ವೈದ್ಯರ ಕಣ್ಗಾವಲಿನಲ್ಲಿದ್ದವರು. ಉಸಿರು ಔಷಧವನ್ನು ಮೀರಿಸಿತೆಂದು ಇದರಿಂದ ತಿಳಿಯಬೇಕಾಗಿಲ್ಲ. ಅದು ತಾತ್ಸಾರ ಮಾಡುವಂಥದ್ದಲ್ಲವೆಂದು ತಿಳಿದರೆ ಸಾಕು.

ಅಭ್ಯಾಸ ಕ್ರಮ

ನಿತ್ಯದ ದಣಿವಿಗೆ ಕಠಿಣ ಕ್ರಿಯೆಗಳು ಬೇಕಿಲ್ಲ. ಚಾಪೆಯ ಮೇಲೋ ಕುರ್ಚಿಯಲ್ಲೋ ಬೆನ್ನು ನೆಟ್ಟಗಿರಿಸಿ ಕುಳಿತು, ಒಂದು ಕೈಯನ್ನು ಹೊಟ್ಟೆಯ ಮೇಲಿಡಿ. ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರನ್ನು ಒಳಗೆಳೆಯಿರಿ. ಹೊಟ್ಟೆ ಮೃದುವಾಗಿ ಉಬ್ಬಲಿ. ಆರು ಎಣಿಸುವವರೆಗೆ ಮೆಲ್ಲನೆ ಹೊರಬಿಡಿ. ಉಸಿರನ್ನು ತಡೆಹಿಡಿಯುವುದು ಬೇಡ. ಹೀಗೆ ನಿಮಿಷಕ್ಕೆ ಆರು ಉಸಿರಿನಂತೆ ಐದು ನಿಮಿಷ ಮಾಡಿದರೆ ಮೂವತ್ತು ಉಸಿರು. ನಿಶ್ವಾಸದೊಡನೆ ದುಂಬಿಯಂತೆ ಝೇಂಕರಿಸಿದರೆ ಅದೇ ಭ್ರಾಮರಿ. ಇದಕ್ಕೆ ಮೊದಲು ಕೈಗಳನ್ನು ಮೇಲೆತ್ತಿ ತಾಡಾಸನ, ಕೊನೆಗೆ ಅಂಗಾತ ಮಲಗಿ ಶವಾಸನ ಮಾಡಿದರೆ ಮೈಯ ಬಿಗಿತವೂ ಸಡಿಲುತ್ತದೆ. ಪ್ರತ್ಯೇಕ ಸಮಯ ದೊರೆಯದವರು ಬಸ್ಸಿನಲ್ಲಿ ಕುಳಿತಾಗಲೂ, ಅನ್ನ ಬೇಯುವವರೆಗೆ ಕಾಯುವಾಗಲೂ ಉಸಿರನ್ನು ಗಮನಿಸಬಹುದು.

ತಲೆ ಸುತ್ತಿದಂತಾದರೆ ಕೂಡಲೇ ನಿಲ್ಲಿಸಿ ಸಹಜವಾಗಿ ಉಸಿರಾಡಿ. ಗರ್ಭಿಣಿಯರು, ಹೃದ್ರೋಗ ಅಥವಾ ಅಧಿಕ ರಕ್ತದೊತ್ತಡವುಳ್ಳವರು ಕಪಾಲಭಾತಿ, ಭಸ್ತ್ರಿಕಾ, ಕುಂಭಕಗಳ ಗೊಡವೆಗೆ ಹೋಗಬಾರದು. ವೈದ್ಯರು ಕೊಟ್ಟ ಮಾತ್ರೆಗಳನ್ನು ತಾವಾಗಿಯೇ ಬಿಡಲೂಬಾರದು.

ಮನೆಮಂದಿಯ ಹೊಣೆ

ಹತ್ತು ಜನರ ಹೊರೆಯನ್ನು ಒಬ್ಬಳ ತಲೆಯ ಮೇಲಿರಿಸಿ, ಪ್ರಾಣಾಯಾಮ ಮಾಡೆಂದು ಬುದ್ಧಿ ಹೇಳುವುದು ನ್ಯಾಯವಲ್ಲ. ಆಕೆಗೆ ಬಿಡುವು ದೊರೆಯಬೇಕಾದರೆ ಪತಿ ತರಕಾರಿ ಹೆಚ್ಚಬೇಕು, ಮಕ್ಕಳು ತಟ್ಟೆ ತೊಳೆಯಬೇಕು. ದುಗುಡ ವಾರಗಟ್ಟಲೆ ನೀಗದಿದ್ದರೆ, ಬದುಕೇ ಬೇಡವೆನಿಸಿದರೆ ಅದನ್ನು ಕೇವಲ ಆಯಾಸವೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರ್ಕಾರದ 'ಟೆಲಿ ಮಾನಸ್' ಸೇವೆಗೆ 14416 ಸಂಖ್ಯೆಯ ಮೂಲಕ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು.

ಸಂಜೆ ದೀಪ ಹಚ್ಚಿದ ಬಳಿಕ ದೂರದರ್ಶನವನ್ನೂ ಮೊಬೈಲನ್ನೂ ಬದಿಗಿರಿಸಿ, ಅಜ್ಜನಿಂದ ಮೊಮ್ಮಗಳವರೆಗೆ ಮನೆಮಂದಿಯೆಲ್ಲ ಐದು ನಿಮಿಷ ಜೊತೆಯಾಗಿ ಕುಳಿತು ಉಸಿರಾಡಲಿ. ಖರ್ಚಿಲ್ಲದ ಈ ಅಭ್ಯಾಸ ಮನೆಯ ಮಾತಿಗೂ ಮೃದುತ್ವವನ್ನು ತಂದೀತು.