ಹಳೆಯ ಬುಲೆಟ್‌ಗೆ ಅಗಲವಾದ ಹಿಂಗಾಲಿ ಕೂರುತ್ತದೆಯೇ?

ಹಳೆಯ ಬುಲೆಟ್ 350ರ ಹಿಂಬದಿಗೆ ಕಂಪನಿ ಕೊಟ್ಟಿದ್ದು 3.25-19 ಟೈರು. ಅಂದರೆ ಅಗಲ ಸುಮಾರು 83 ಮಿ.ಮೀ., ರಿಮ್‌ನ ವ್ಯಾಸ 19 ಇಂಚು. ಅದೇ ರಿಮ್‌ಗೆ 110 ಅಥವಾ 120 ಮಿ.ಮೀ. ಟೈರು ಏರಿಸುವುದು ತಪ್ಪು. ಕಿರಿದಾದ ರಿಮ್ ಟೈರಿನ ಅಂಚುಗಳನ್ನು ಒಳಕ್ಕೆ ಹಿಂಡುತ್ತದೆ, ನಡುಭಾಗ ಉಬ್ಬುತ್ತದೆ, ನೆಲ ಹಿಡಿಯುವ ಜಾಗ ಹೆಚ್ಚುವುದೇ ಇಲ್ಲ. ರಿಮ್ಮನ್ನೇ ಬದಲಿಸಬೇಕು. ಅಗಲವಾದ 18 ಇಂಚಿನ ರಿಮ್‌ಗೆ 120/80 ಟೈರು ಹಾಕಿದರೆ ಹೊರವ್ಯಾಸ ಸುಮಾರು 649 ಮಿ.ಮೀ. ಆಗುತ್ತದೆ, ಹಳೆಯದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಗೇರಿನ ಎಳೆತ ಕೆಡುವುದಿಲ್ಲ.

ನಿಜವಾದ ತೊಡಕು ಚೈನಿನದು. ಬುಲೆಟ್‌ನ ಚೈನು ಎಡಕ್ಕಿದೆ; ಟೈರು ಅಗಲವಾದಷ್ಟೂ ಅದರ ಎಡಗೋಡೆ ಚೈನಿಗೆ ಹತ್ತಿರವಾಗುತ್ತದೆ. ಸ್ಪೋಕ್ ಬಿಗಿದು ರಿಮ್ಮನ್ನು ಬಲಕ್ಕೆ ಎಳೆದರೆ ಜಾಗ ಸಿಗುತ್ತದೆ ನಿಜ, ಆದರೆ ಹಿಂಗಾಲಿ ಮುಂಗಾಲಿಯ ನೇರ ತಪ್ಪಿ ಗಾಡಿ ಒಂದೇ ಕಡೆಗೆ ಎಳೆಯುತ್ತದೆ. ಟೈರಿಗೂ ಸ್ವಿಂಗ್ ಆರ್ಮ್, ಮಡ್‌ಗಾರ್ಡ್‌ಗಳಿಗೂ ನಡುವೆ ಬೆರಳು ಆಡುವಷ್ಟು ಜಾಗ ಉಳಿಯಬೇಕು. ಎರೆಹೊಲದ ದಾರಿಯಲ್ಲಿ ಮಳೆಗಾಲಕ್ಕೆ ಇದು ಇನ್ನೂ ಮುಖ್ಯ: ಅಂಟುಮಣ್ಣು ಮಡ್‌ಗಾರ್ಡ್‌ನೊಳಗೆ ಗಟ್ಟಿಯಾಗಿ ತುಂಬಿ ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ಅಂಥ ದಾರಿಗೆ ಕಿರಿದಾದ ಮೂಲ ಟೈರೇ ಮೇಲು.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಗಾಲಿ ಬದಲಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು.