ಮಳೆಗಾಲದಲ್ಲಿ ಹಳೆಯ ಕಾರು ಚಾಲೂ ಆಗದಿದ್ದಾಗ

ಮಲೆನಾಡು ಮತ್ತು ಕರಾವಳಿಯ ಒಂಟಿ ಮನೆಗಳಲ್ಲಿ ಹಳೆಯ ಕಾರು ಶೋಕಿಯ ವಸ್ತುವಲ್ಲ. ಹಾಲಿನ ಕ್ಯಾನು ಸಂಘಕ್ಕೆ ಹೋಗುವುದು, ಅಡಿಕೆ ಮೂಟೆ ಮಂಡಿ ಮುಟ್ಟುವುದು, ನಡುರಾತ್ರಿ ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಒಯ್ಯುವುದು ಅದರಿಂದಲೇ. ಆದರೆ ಆರಿದ್ರಾ ಮಳೆ ಹಿಡಿದು ನಾಲ್ಕು ದಿನ ಬಿಡದೆ ಸುರಿದಾಗ, ನಿನ್ನೆಯವರೆಗೆ ಓಡುತ್ತಿದ್ದ ಕಾರು ಇಂದು ಎಷ್ಟು ಸೆಲ್ಫ್ ಹೊಡೆದರೂ ಏಳುವುದಿಲ್ಲ. ಇಂಥ ದೋಷಗಳಲ್ಲಿ ಬಹುಪಾಲು ಒಂದು ಒಣಬಟ್ಟೆಯಿಂದ ಸರಿಯಾಗುವಂಥವು. ಕೆಲವು ಸಂದರ್ಭಗಳಲ್ಲಿ ಮಾತ್ರ ಅವಸರದಿಂದ ಕೀ ತಿರುಗಿಸಿದರೆ ಎಂಜಿನ್ನೇ ಹಾಳಾಗುತ್ತದೆ. ಆದ್ದರಿಂದ ಕ್ರಮವಾಗಿ ಪರೀಕ್ಷಿಸುವುದು ಅಗತ್ಯ.

ಇಲ್ಲಿ ತಿಳಿಸಿರುವ ಕ್ರಮ ಕಾರ್ಬುರೇಟರ್ ಮತ್ತು ಡಿಸ್ಟ್ರಿಬ್ಯೂಟರ್ ಇರುವ ಪೆಟ್ರೋಲ್ ವಾಹನಗಳಿಗೆ ಅನ್ವಯಿಸುತ್ತದೆ. ಹಳೆಯ ಅಂಬಾಸಿಡರ್, ಪದ್ಮಿನಿ, 1983ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರ ಮೊದಲ ಮಾದರಿಗಳು ಈ ಗುಂಪಿಗೆ ಸೇರುತ್ತವೆ.

ತೇವದಿಂದ ಆಗುವ ತೊಂದರೆ

ಪೆಟ್ರೋಲ್ ಎಂಜಿನ್ ಏಳಬೇಕಾದರೆ ಸಿಲಿಂಡರಿನಲ್ಲಿ ಪೆಟ್ರೋಲು ಬೆರೆತ ಗಾಳಿ, ಸಾಕಷ್ಟು ಒತ್ತಡ ಮತ್ತು ಸರಿಯಾದ ಸಮಯಕ್ಕೆ ಕಿಡಿ ಈ ಮೂರೂ ಇರಬೇಕು. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ ಸುಮಾರು 20,000 ವೋಲ್ಟಿನಷ್ಟಕ್ಕೆ ಏರಿಸುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೂ ಹಂಚುತ್ತದೆ. ಇಷ್ಟು ಹೆಚ್ಚಿನ ವಿದ್ಯುತ್ತು ಸುಲಭದ ದಾರಿ ಸಿಕ್ಕಿದರೆ ಪ್ಲಗ್ಗಿನವರೆಗೆ ಹೋಗುವುದೇ ಇಲ್ಲ. ಬೇಸಿಗೆಯಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳ, ಕಾಯಿಲ್ ಮತ್ತು ಪ್ಲಗ್ ವೈರುಗಳ ಮೇಲೆ ಕೂತ ಕೆಮ್ಮಣ್ಣಿನ ಧೂಳು, ಕರಾವಳಿಯಲ್ಲಾದರೆ ಉಪ್ಪಿನಂಶವೂ, ಮಳೆಯ ತೇವ ತಾಗಿದೊಡನೆ ವಿದ್ಯುತ್ತಿಗೆ ದಾರಿಯಾಗುತ್ತವೆ. ಕಿಡಿ ಹೊರಗಿನಿಂದಲೇ ಎಂಜಿನ್ನಿನ ಲೋಹಕ್ಕೆ ಸೋರಿ ಹೋಗುತ್ತದೆ. ಹೊಸ ವೈರಿರುವ ಕಾರು ಅದೇ ಮಳೆಯಲ್ಲಿ ಏಳುವುದಕ್ಕೂ ಬಿರುಕು ಬಿಟ್ಟ ವೈರಿನ ಕಾರು ಏಳದಿರುವುದಕ್ಕೂ ಇದೇ ಕಾರಣ.

ಮೊದಲು ನೋಡಬೇಕಾದುದು

ಕಾರು ನೆರೆ ನೀರಿನಲ್ಲಿ ನಿಂತಿದ್ದರೆ ಅಥವಾ ಹಳ್ಳ ದಾಟುವಾಗ ನಿಂತು ಹೋಗಿದ್ದರೆ ಕೀ ತಿರುಗಿಸಕೂಡದು. ಬಾನೆಟ್ ತೆರೆದು ಏರ್ ಫಿಲ್ಟರ್ ಡಬ್ಬಿಯನ್ನು ಬಿಚ್ಚಿ ನೋಡಬೇಕು. ಒಳಗೆ ನೀರಿದ್ದರೆ ಅದು ಸಿಲಿಂಡರಿಗೂ ಇಳಿದಿರಬಹುದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಅಂಥ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಅಥವಾ ಕಾರನ್ನು ತಳ್ಳಿ ಗೇರಿಗೆ ಹಾಕಿದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಯಿಲ್ ಕಡ್ಡಿಯನ್ನೂ ಎಳೆದು ನೋಡಬೇಕು. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅಥವಾ ಅದರ ಮಟ್ಟ ಏರಿದ್ದರೆ ನೀರು ಸೇರಿದೆ ಎಂದೇ ಅರ್ಥ. ಆಗ ಕಾರನ್ನು ಎಳೆಸಿಕೊಂಡು ವರ್ಕ್‌ಶಾಪಿಗೆ ಒಯ್ಯುವುದೇ ಕ್ಷೇಮ. ಅಲ್ಲಿ ಎಲ್ಲ ಪ್ಲಗ್ಗುಗಳನ್ನು ಬಿಚ್ಚಿ ನೀರನ್ನು ಹೊರಹಾಕಿ, ಆಯಿಲ್ ಬದಲಾಯಿಸಿದ ಮೇಲಷ್ಟೇ ಎಂಜಿನ್ ತಿರುಗಿಸಬೇಕು.

ಸದ್ದಿನಿಂದ ದೋಷ ಗುರುತಿಸುವುದು

ಫಿಲ್ಟರ್ ಒಣಗಿದ್ದು ಆಯಿಲ್ ಶುದ್ಧವಾಗಿದ್ದರೆ ಕೀ ತಿರುಗಿಸಿ ಸದ್ದನ್ನು ಕೇಳಬೇಕು.

1. ಸದ್ದೇ ಇಲ್ಲ ಅಥವಾ ಬರೀ 'ಟಿಕ್ ಟಿಕ್' ಎನ್ನುತ್ತದೆ, ದೀಪ ಮಂಕಾಗುತ್ತದೆ: ದೋಷ ಬ್ಯಾಟರಿಯಲ್ಲಿ ಅಥವಾ ಅದರ ಜೋಡಣೆಯಲ್ಲಿ. ಟರ್ಮಿನಲ್ಲುಗಳ ಮೇಲೆ ಬೆಳೆದ ಬಿಳಿ, ಹಸಿರು ಪುಡಿಯನ್ನು ಅಡುಗೆ ಸೋಡ ಬೆರೆಸಿದ ನೀರಿನಿಂದ ತೊಳೆದು, ಉಜ್ಜಿ, ಬಿಗಿಮಾಡಿ ವ್ಯಾಸಲೀನ್ ಸವರಬೇಕು. ಪೂರ್ಣ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟಿಗೆ ಇಳಿದಿದ್ದರೆ ಚಾರ್ಜು ಮಾಡಿಸಬೇಕು.

2. ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ: ಬ್ಯಾಟರಿ ಸರಿಯಿದೆ. ದೋಷ ಕಿಡಿಯಲ್ಲಿ ಅಥವಾ ಪೆಟ್ರೋಲಿನಲ್ಲಿ. ಮಳೆಯ ಮರುದಿನವಾದರೆ ಮೊದಲು ಕಿಡಿಯನ್ನೇ ಶಂಕಿಸಬೇಕು.

ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ನಡುವೆ ಒಂದು ನಿಮಿಷ ಬಿಡುವು ಕೊಡಬೇಕು. ಇಲ್ಲವಾದರೆ ತೇವದ ದೋಷದ ಜೊತೆಗೆ ಬ್ಯಾಟರಿಯೂ ಬರಿದಾಗಿ ಒಂದು ತೊಂದರೆ ಎರಡಾಗುತ್ತದೆ.

ಒಣಗಿಸುವ ಕ್ರಮ

ಕೀ ಆಫ್ ಮಾಡಿ, ಬ್ಯಾಟರಿಯಿಂದ ಬಾಡಿಗೆ ಜೋಡಿಸಿದ ವೈರನ್ನು ಬಿಚ್ಚಬೇಕು. ಕಾಯಿಲ್, ಪ್ಲಗ್ ವೈರುಗಳು ಮತ್ತು ಡಿಸ್ಟ್ರಿಬ್ಯೂಟರ್ ಮುಚ್ಚಳದ ಹೊರಭಾಗವನ್ನು ಒಣ ಹತ್ತಿಬಟ್ಟೆಯಿಂದ ಒರೆಸಬೇಕು. ಅನಂತರ ಮುಚ್ಚಳವನ್ನು ತೆಗೆದು ಒಳಭಾಗವನ್ನೂ ರೋಟರನ್ನೂ ಒರೆಸಬೇಕು. ಹೊರಗೆ ಹನಿ ಕಾಣದಿದ್ದರೂ ಒಳಗೆ ಬೆವರಿದಂತೆ ತೇವ ಕೂತಿರುವುದುಂಟು. ಮುಚ್ಚಳವನ್ನು ಪೂರ್ತಿ ಬಿಡಿಸುವುದಾದರೆ ಯಾವ ವೈರು ಯಾವ ಜಾಗದ್ದು ಎಂದು ಮೊದಲೇ ಗುರುತು ಹಾಕಿಕೊಳ್ಳಬೇಕು. ವೈರು ಅದಲುಬದಲಾದರೆ ಕಿಡಿ ಇದ್ದೂ ಎಂಜಿನ್ ಏಳದು. ಬಿಸಿಲಿಲ್ಲದಿದ್ದರೆ ಮುಚ್ಚಳವನ್ನು ಒಲೆಯ ಬಳಿಯ ಬೆಚ್ಚನೆಯ ಜಾಗದಲ್ಲಿ ಕಾಲು ಗಂಟೆ ಇಟ್ಟರೆ ಸಾಕು. ಪೆಟ್ರೋಲಿನಿಂದ ಒರೆಸುವುದು, ಎಂಜಿನ್ ಬಳಿ ಬೆಂಕಿ ಹಿಡಿಯುವುದು ಬಹು ಅಪಾಯಕರ.

ಮುಚ್ಚಳದೊಳಗೆ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ ಅಥವಾ ಬಿರುಕು ಕಂಡರೆ ಅದನ್ನು ಬದಲಾಯಿಸಲೇಬೇಕು. ಕೊಟ್ಟಿಗೆಯಲ್ಲಿ ನಿಲ್ಲಿಸಿದ ಕಾರಿನ ವೈರನ್ನು ಇಲಿ ಕಡಿದಿದೆಯೇ ಎಂಬುದನ್ನೂ ನೋಡಬೇಕು. ಸೋರಿಕೆ ಎಲ್ಲಿದೆ ಎಂದು ತಿಳಿಯದಿದ್ದರೆ ಕತ್ತಲಲ್ಲಿ ಬಾನೆಟ್ ತೆರೆದಿಟ್ಟು ಒಬ್ಬರು ಸೆಲ್ಫ್ ಹೊಡೆಯುವಾಗ ಮತ್ತೊಬ್ಬರು ದೂರದಿಂದ ನೋಡಬೇಕು. ಸೋರುವ ಜಾಗದಲ್ಲಿ ಸಣ್ಣ ನೀಲಿ ಮಿಂಚು ಕಾಣುತ್ತದೆ.

ಕಿಡಿಯ ಪರೀಕ್ಷೆ

ಒಣಗಿಸಿದ ಮೇಲೂ ಏಳದಿದ್ದರೆ ಒಂದು ಪ್ಲಗ್ ವೈರನ್ನು ಬಿಡಿಸಿ ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಭದ್ರವಾಗಿ ಇಡಬೇಕು. ಕೈಯಲ್ಲಿ ಹಿಡಿಯಬಾರದು. ಹತ್ತಿರ ಪೆಟ್ರೋಲು ಚೆಲ್ಲಿರಬಾರದು. ಸೆಲ್ಫ್ ಹೊಡೆದಾಗ ನೀಲಿಬಣ್ಣದ ಚಟಚಟ ಕಿಡಿ ಬಂದರೆ ಅದು ಸರಿಯಿದೆ. ಮಂಕಾದ ಹಳದಿ ಕಿಡಿ ಬಂದರೆ ಅಥವಾ ಕಿಡಿಯೇ ಬಾರದಿದ್ದರೆ ಕಾಂಟ್ಯಾಕ್ಟ್ ಪಾಯಿಂಟುಗಳಲ್ಲಿ ತೇವ, ಕಿಲುಬು ಇರಬಹುದು. ನಯವಾದ ಉಪ್ಪುಕಾಗದದಿಂದ ಉಜ್ಜಿ, ಅಂತರವನ್ನು ವಾಹನದ ಕೈಪಿಡಿಯಲ್ಲಿರುವಂತೆ, ಸಾಮಾನ್ಯವಾಗಿ 0.4ರಿಂದ 0.5 ಮಿ.ಮೀ., ಹೊಂದಿಸಬೇಕು. ಆಗಲೂ ಕಿಡಿ ಬಾರದಿದ್ದರೆ ಕಂಡೆನ್ಸರ್ ಮತ್ತು ಕಾಯಿಲನ್ನು ಪರೀಕ್ಷಿಸಬೇಕು.

ಪೆಟ್ರೋಲಿನಲ್ಲಿ ನೀರು

ಕಿಡಿ ಚೆನ್ನಾಗಿದ್ದೂ ಎಂಜಿನ್ ಏಳದಿದ್ದರೆ ಪ್ಲಗ್ ಬಿಚ್ಚಿ ನೋಡಬೇಕು. ಅದು ಪೆಟ್ರೋಲಿನಿಂದ ತೊಯ್ದಿದ್ದರೆ ಒಣಗಿಸಿ ಹಾಕಿ, ಚೋಕ್ ಎಳೆಯದೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಪ್ಲಗ್ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ, ಇಲ್ಲವೇ ನೀರು ಅಡ್ಡವಾಗಿದೆ. ಕಾರ್ಬುರೇಟರಿನ ಫ್ಲೋಟ್ ಬಟ್ಟಲಿನ ದ್ರವವನ್ನು ಗಾಜಿನ ಸೀಸೆಗೆ ಹಿಡಿದು ಅಲುಗಾಡದಂತೆ ಇಟ್ಟರೆ ನೀರು ತಳಕ್ಕೆ ಇಳಿದು ಎರಡು ಪದರ ಸ್ಪಷ್ಟವಾಗಿ ಕಾಣುತ್ತದೆ. ಈಗ ದೊರೆಯುವ ಪೆಟ್ರೋಲಿನಲ್ಲಿ ಕಬ್ಬು, ಧಾನ್ಯಗಳಿಂದ ತಯಾರಾದ ಎಥನಾಲ್ ಬೆರೆತಿರುತ್ತದೆ. ಅದು ನೀರನ್ನು ಹೀರುವ ಗುಣದ್ದು. ನೀರು ಮಿತಿಮೀರಿದರೆ ಎಥನಾಲ್ ನೀರಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಆದ್ದರಿಂದ ಟ್ಯಾಂಕಿನ ಮುಚ್ಚಳದ ರಬ್ಬರು ಸರಿಯಿರಬೇಕು. ಅಪರೂಪಕ್ಕೆ ಓಡಿಸುವ ಕಾರಿನಲ್ಲಿ ಹಳೆಯ ಪೆಟ್ರೋಲನ್ನು ಮಳೆಗಾಲವೆಲ್ಲ ಉಳಿಸಬಾರದು.

ಮಳೆಗೆ ಮುಂಚಿನ ಸಿದ್ಧತೆ

ಬಿತ್ತನೆಗೆ ಮುಂಚೆ ಕೂರಿಗೆಯನ್ನು ನೋಡಿಕೊಳ್ಳುವಂತೆ ರೋಹಿಣಿ ಮಳೆಯ ಹೊತ್ತಿಗೆ ಕಾರನ್ನೂ ನೋಡಿಕೊಳ್ಳಬೇಕು. ವೈರು, ಮುಚ್ಚಳ, ಕಾಯಿಲ್‌ಗಳ ಧೂಳು ಒರೆಸಿ, ಬಿರುಕು ಬಿಟ್ಟ ವೈರುಗಳನ್ನು ಬದಲಾಯಿಸಿ, ಬ್ಯಾಟರಿ ಪರೀಕ್ಷಿಸಬೇಕು. ಪ್ಲಗ್ ಸ್ಪ್ಯಾನರ್, ಒಂದು ಪ್ಲಗ್, ಉಪ್ಪುಕಾಗದ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಣಬಟ್ಟೆ ಇವು ಸದಾ ಕಾರಿನಲ್ಲಿರಲಿ. ನೀರು ದಾಟಿ ಬಂದ ಮೇಲೆ ನಿಧಾನವಾಗಿ ಓಡಿಸುತ್ತ ಬ್ರೇಕನ್ನು ಹಗುರಾಗಿ ಒತ್ತಿ ಒಣಗಿಸಬೇಕು. ತುರ್ತಿನ ರಾತ್ರಿ ಬಂದಾಗ ಕಲಿಯಲು ಸಮಯವಿರುವುದಿಲ್ಲ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಹಾಕುವುದನ್ನು ಮನೆಯಲ್ಲಿ ಇಬ್ಬರಾದರೂ ಹಗಲಿನಲ್ಲೇ ಒಮ್ಮೆ ಮಾಡಿ ಕಲಿತಿರುವುದು ಒಳ್ಳೆಯದು.