ಅಲೆಕೊಳದ ಲೆಕ್ಕಾಚಾರ

ನೀರಿಗಿಳಿಯದೆ ಈಜು ಬಾರದೆಂಬುದು ಹಿರಿಯರ ಮಾತು. ಈಜುವವನ ಮಟ್ಟಿಗೆ ಅದು ದಿಟ. ಆದರೆ ಪ್ರತಿನಿತ್ಯ ನೂರಾರು ಜನರನ್ನು ನೀರಿಗಿಳಿಸುವ ಸಂಸ್ಥೆಯೊಂದು ಮೊದಲು ಇಳಿಸಿ ಆಮೇಲೆ ಕಲಿಯಲು ಹೊರಟರೆ, ಆ ಕಲಿಕೆಯ ಬೆಲೆಯನ್ನು ಗಿರಾಕಿಗಳು ತಮ್ಮ ಆರೋಗ್ಯದಿಂದ ತೆರಬೇಕಾಗುತ್ತದೆ. ಇದನ್ನು ತಪ್ಪಿಸಲು ಬಳಕೆಗೆ ಬಂದಿರುವ ಉಪಾಯಗಳಲ್ಲಿ ‘ಸಿಮ್ಯುಲೇಷನ್’, ಅಂದರೆ ಅನುಕರಣ ಮಾದರಿ, ಒಂದು.

ಹಲಗೆಯ ಮೇಲೆ ನಿಂತು ಅಲೆಯೊಡನೆ ಜಾರಿಬರುವ ಸರ್ಫಿಂಗ್ ಕ್ರೀಡೆ ಇಂದು ದಕ್ಷಿಣ ಕನ್ನಡದ ಮೂಲ್ಕಿ, ಸಸಿಹಿತ್ಲು ತೀರಗಳಲ್ಲಿಯೂ ಪರಿಚಿತವಾಗಿದೆ. ಕಡಲಿಲ್ಲದೆಡೆ ಯಂತ್ರದಿಂದ ಅಲೆಯೆಬ್ಬಿಸಿ ಈ ಆಟಕ್ಕೆ ಅನುವು ಮಾಡಿಕೊಡುವುದೇ ಅಲೆಕೊಳ. ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ 1969ರಲ್ಲಿಯೇ ಇಂತಹ ಕೊಳವೊಂದು ಆರಂಭವಾಯಿತು. ಇಂಗ್ಲೆಂಡಿನ ಬ್ರಿಸ್ಟಲ್ ಬಳಿ 2019ರಲ್ಲಿಯೂ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ 2020ರಲ್ಲಿಯೂ ಹೊಸ ಬಗೆಯ ಕೊಳಗಳು ತೆರೆದವು.

ಕೊಳದ ವ್ಯವಸ್ಥಾಪಕನ ಮುಂದಿರುವ ಮುಖ್ಯ ಪ್ರಶ್ನೆ ಇದು: ಒಂದು ಗಂಟೆಗೆ ಎಷ್ಟು ಜನರನ್ನು ಬಿಡಬೇಕು? ಉದಾಹರಣೆಗೆ, 20 ಸೆಕೆಂಡಿಗೊಂದು ಅಲೆ, ಪ್ರತಿ ಅಲೆಗೆ ಒಬ್ಬ ಸವಾರ ಎಂದಿಟ್ಟುಕೊಳ್ಳಬಹುದು. ಅಲೆಯ ಮೇಲೆ ಸಾಗಿ, ಮತ್ತೆ ಸ್ವಸ್ಥಾನಕ್ಕೆ ಕೈಬೀಸಿ ಬರಲು 105 ಸೆಕೆಂಡು ಬೇಕು. 18 ಜನರಿದ್ದರೆ ಪ್ರತಿಯೊಬ್ಬನ ಸರದಿ 6 ನಿಮಿಷಕ್ಕೊಮ್ಮೆ ಬರುತ್ತದೆ. ಅದರಲ್ಲಿ 4 ನಿಮಿಷ 15 ಸೆಕೆಂಡು ಅವನು ನೀರಿನಲ್ಲಿ ಕಾಯಬೇಕು. ಆದಾಯದಾಸೆಗೆ 36 ಜನರನ್ನು ಬಿಟ್ಟರೆ ಕಾಯುವ ಅವಧಿ 10 ನಿಮಿಷವನ್ನು ಮೀರುತ್ತದೆ. ತಣ್ಣೀರಿನಲ್ಲಿ ಮೈ ಮರಗಟ್ಟುತ್ತದೆ. 6 ಜನರನ್ನಷ್ಟೇ ಬಿಟ್ಟರೆ ಬಿಡುವು ಕೇವಲ 15 ಸೆಕೆಂಡು. ದಣಿದ ತೋಳುಗಳಿಂದ ತಪ್ಪು ನಡೆಯುತ್ತದೆ, ಅಪಘಾತಕ್ಕೆ ಹಾದಿಯಾಗುತ್ತದೆ.

ಇಷ್ಟು ಲೆಕ್ಕಕ್ಕೆ ಪೆನ್ಸಿಲು ಸಾಕು. ಆದರೆ ಜನರು ಸರಾಸರಿಯಂತೆ ನಡೆಯುವುದಿಲ್ಲ. ಒಬ್ಬ ಬೀಳುತ್ತಾನೆ, ಇನ್ನೊಬ್ಬ ಮರಳಲು 3 ನಿಮಿಷ ತೆಗೆದುಕೊಳ್ಳುತ್ತಾನೆ, ಬಿದ್ದವನು ಹಾದಿಯಲ್ಲಿದ್ದರೆ ಮುಂದಿನ ಅಲೆಯನ್ನೇ ತಡೆಹಿಡಿಯಬೇಕಾಗುತ್ತದೆ. ಅನುಕರಣ ಮಾದರಿಯ ಪ್ರಯೋಜನ ಇಲ್ಲಿದೆ. ಗಣಕಯಂತ್ರದಲ್ಲಿ ಕೊಳವನ್ನೂ ಸವಾರರನ್ನೂ ಅಂಕಿಗಳಾಗಿ ನಿಲ್ಲಿಸಿ, ಯಾರು ಬೀಳುವರು, ಯಾರು ತಡಮಾಡುವರು ಎಂಬುದನ್ನು ದಾಳ ಉರುಳಿಸಿದಂತೆ ನಿರ್ಧರಿಸುತ್ತ, ಒಂದೇ ದಿನವನ್ನು ಸಾವಿರ ಸಲ ನಡೆಸಿನೋಡಲಾಗುತ್ತದೆ. ಪೋಲೆಂಡ್ ಮೂಲದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಅವರಿಗೆ 1946ರಲ್ಲಿ, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಂಟಿಯಾಗಿ ಇಸ್ಪೀಟಾಡುತ್ತಿದ್ದಾಗ, ಈ ವಿಧಾನ ಹೊಳೆಯಿತು. ಆಟ ಗೆಲ್ಲುವ ಸಂಭವವನ್ನು ಸೂತ್ರದಿಂದ ಕಂಡುಹಿಡಿಯುವ ಬದಲು ಅನೇಕ ಸಲ ಆಡಿ ಎಣಿಸಬಾರದೇಕೆ ಎಂಬುದು ಅವರ ಆಲೋಚನೆ.

ಹೀಗೆ ದೊರೆಯುವ ಉತ್ತರ ಒಂದೇ ಅಂಕಿಯಲ್ಲ. ಒಳ್ಳೆಯ ದಿನ ಹೇಗಿರುತ್ತದೆ, ಕೆಟ್ಟ ದಿನ ಹೇಗಿರುತ್ತದೆ ಎಂಬುದರ ಚಿತ್ರ. ಸಂಬಳದ ದಿನದ ಬೇಡಿಕೆಯನ್ನು ನೆನೆದು ಬ್ಯಾಂಕು ನಗದನ್ನು ಸಿದ್ಧವಿಡುವುದೇ ಹೊರತು ತಿಂಗಳ ಸರಾಸರಿಯನ್ನು ನೆಚ್ಚುವುದಿಲ್ಲ. ಕೊಳಕ್ಕೂ ಇದೇ ನೀತಿ ಸಲ್ಲುತ್ತದೆ.

ನೀರಿನ ಶುದ್ಧಿಯದು ಇನ್ನೂ ಗಂಭೀರವಾದ ಜಮಾಖರ್ಚು. ಕ್ಲೋರಿನ್ ಜಮೆಯಾದರೆ, ಬಿಸಿಲು, ಬೆವರು ಹಾಗೂ ದೇಹದ ಕೊಳೆ ಖರ್ಚು. ಈಜುಕೊಳದಲ್ಲಿ ಹತ್ತು ಲಕ್ಷ ಭಾಗ ನೀರಿಗೆ ಕನಿಷ್ಠ 1 ಭಾಗ ಕ್ಲೋರಿನ್ ಸದಾ ಉಳಿದಿರಬೇಕೆಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ. ಜನಸಂದಣಿಯ ಸುಡುಬಿಸಿಲಿನ ದಿನ ಈ ಶಿಲ್ಕು ಎಷ್ಟು ಗಂಟೆಗೆ ಬರಿದಾಗುವುದೆಂಬುದನ್ನು ಮಾದರಿಯು ಮುಂಚಿತವಾಗಿಯೇ ತೋರಿಸಬಲ್ಲದು.

ಈ ಲೆಕ್ಕ ಏಕೆ ಮುಖ್ಯವೆಂಬುದಕ್ಕೆ ಟೆಕ್ಸಾಸಿನ ವೇಕೋದಲ್ಲಿ ಅಲೆಕೊಳವಿದ್ದ ಜಲವಿಹಾರ ತಾಣವೊಂದರ ಪ್ರಸಂಗ ಸಾಕ್ಷಿ. ಅಲ್ಲಿಗೆ ಭೇಟಿಯಿತ್ತಿದ್ದ ಯುವಕನೊಬ್ಬ 2018ರ ಸೆಪ್ಟೆಂಬರಿನಲ್ಲಿ ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾದ ಸೋಂಕಿನಿಂದ ಮೃತನಾದನು. ತನಿಖೆಯಲ್ಲಿ ಆ ಅಮೀಬಾ ಅದೇ ತಾಣದ ಮತ್ತೊಂದು ಕೊಳದಲ್ಲಿ ಪತ್ತೆಯಾಯಿತು. ಅಲೆಕೊಳದಲ್ಲಿ ಅದು ಸಿಗಲಿಲ್ಲವಾದರೂ, ಅಲ್ಲಿಯ ನೀರು ಕದಡಿತ್ತು, ಕ್ಲೋರಿನ್ ಕಡಿಮೆಯಿತ್ತು, ಮಲದ ಸೋಂಕಿನ ಕುರುಹುಗಳೂ ಇದ್ದವು. ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆಯುವ ಈ ಜೀವಿ ಮೂಗಿನ ಮೂಲಕ ಮಿದುಳನ್ನು ಸೇರುತ್ತದೆ. ರೋಗ ಅತಿ ವಿರಳ. ಆದರೆ ಬಂದರೆ ಬದುಕುವವರು ಬಹು ಕಡಿಮೆ.

ಮಾದರಿ ಸರ್ವಜ್ಞವೇನಲ್ಲ. ಬಿತ್ತಿದಂತೆ ಬೆಳೆ, ಅಂಕಿಗಳು ತಪ್ಪಿದ್ದರೆ ಉತ್ತರವೂ ತಪ್ಪುತ್ತದೆ. ವೇಲ್ಸ್‌ನ ಡೊಲ್ಗಾರೊಗ್‌ನಲ್ಲಿ 2015ರಲ್ಲಿ ತೆರೆದ ಅಲೆಕೊಳವು ಯಂತ್ರಗಳು ಮತ್ತೆ ಮತ್ತೆ ಕೆಟ್ಟುದರಿಂದ 2023ರಲ್ಲಿ ಕಾಯಂ ಆಗಿ ಮುಚ್ಚಿತು. ಯಂತ್ರ ಕೆಡುವ ದಿನಗಳನ್ನು ಸೇರಿಸಿಕೊಳ್ಳದ ಲೆಕ್ಕ ಅಪೂರ್ಣ. ಕೊಳ ತೆರೆದ ಮೇಲೂ ನಿಜವಾದ ದಿನಚರಿಯೊಡನೆ ಮಾದರಿಯನ್ನು ತಾಳೆನೋಡುತ್ತಲೇ ಇರಬೇಕು.

ಈ ವಿದ್ಯೆ ವಿಲಾಸದ ಕೊಳಗಳಿಗಷ್ಟೇ ಮೀಸಲಲ್ಲ. ಆಸ್ಪತ್ರೆಯ ಹೊರರೋಗಿಗಳ ಸರದಿಯನ್ನು ನಾರ್ಮನ್ ಬೇಲಿ ಎಂಬ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞರು 1952ರಲ್ಲಿಯೇ ಇಂತಹ ಅನುಕರಣೆಯಿಂದ ಅಭ್ಯಸಿಸಿದ್ದರು. ಎಲ್ಲರನ್ನೂ ಒಮ್ಮೆಗೇ ಕರೆಯದೆ ಅಂತರವಿಟ್ಟು ಕರೆದರೆ ವೈದ್ಯರ ವೇಳೆ ಹೆಚ್ಚು ವ್ಯರ್ಥವಾಗದೆ ರೋಗಿಯ ಕಾಯುವಿಕೆ ಕುಗ್ಗುವುದೆಂದು ಅವರು ತೋರಿಸಿದರು.

ರಜೆಯಲ್ಲಿ ಮಕ್ಕಳೊಡನೆ ಮಹಾನಗರದ ಜಲೋದ್ಯಾನಗಳಿಗೆ ಹೋಗುವವರೂ ಇದರಿಂದ ಅರಿಯಬೇಕಾದುದುಂಟು. ತಳ ಕಾಣದಷ್ಟು ಕದಡಿದ ನೀರಿಗಿಳಿಯಬಾರದು, ಇಳಿಯುವ ಮುನ್ನ ಸ್ನಾನ ಮಾಡಬೇಕು, ನೀರು ಮೂಗಿಗೇರದಂತೆ, ಬಾಯಿಗೆ ಹೋಗದಂತೆ ಎಚ್ಚರವಹಿಸಬೇಕು, ಭೇದಿಯಾದವರು ದೂರವಿರಬೇಕು. ಇಂದಿನ ಕ್ಲೋರಿನ್ ಮಟ್ಟವೆಷ್ಟು ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಲೆಕ್ಕ ಇಟ್ಟ ಕೊಳದವರು ಉತ್ತರ ಕೊಡುತ್ತಾರೆ. ಉತ್ತರ ಸಿಗದಿದ್ದರೆ ದಡದಲ್ಲಿಯೇ ಉಳಿಯುವುದು ಲೇಸು.